ಹೊಲಕ್ಕೆ ಸೂಕ್ಷ್ಮ ಪೋಷಕಾಂಶ, ಮನೆಮಂದಿಗೆ ಜೀವಸತ್ವ
(ಅಕ್ಕಲಕೋಟ ಭಾಗದ ಸಭಾಸದ ರೈತರ ಮೇಳಾವೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬಿನ ಅಧಿಕಾರಿ ಬಂದರೆ ಬೀಜ, ಗೊಬ್ಬರ, ನೀರು ಇವುಗಳ ಬಗ್ಗೆ ಹೇಳುತ್ತಾನೆಂದು ತಾವು ಬಂದಿದ್ದೀರಿ. ಇಂದು ಊಟದ ವಿಷಯ ಹೇಳಬೇಕೆಂದಿದ್ದೇನೆ. ಆದರೆ ಹೊಲವನ್ನು ಬಿಟ್ಟು ಹೇಳಲು ನನಗೆ ಬಾರದು, ಆದ್ದರಿಂದ ಅಲ್ಲಿಂದಲೇ ಸುರು ಮಾಡುತ್ತೇನೆ.

ನಮ್ಮ ಸುಣ್ಣದ ಅಂಶವುಳ್ಳ ಕರಿ ಭೂಮಿಯಲ್ಲಿ ಕುಳೆ ಕಬ್ಬು ಬೆಳ್ಳಗಾಗುವುದನ್ನು ತಾವೆಲ್ಲರೂ ಕಂಡಿದ್ದೀರಿ. ಎಳೆ ಎಲೆಯ ನರ ಮಾತ್ರ ಹಸಿರು, ನಡುವಿನ ಭಾಗ ಹಳದಿ. ಯೂರಿಯಾ ಕಡಿಮೆಯಾಯಿತೆಂದು ಇನ್ನೊಂದು ಚೀಲ ಹಾಕುತ್ತೀರಿ, ಕಬ್ಬು ಹಸಿರಾಗುವುದಿಲ್ಲ. ಕೊರತೆ ಇರುವುದು ಕಬ್ಬಿಣದ್ದು. ವಿಚಿತ್ರವೆಂದರೆ ಭೂಮಿಯಲ್ಲಿ ಕಬ್ಬಿಣ ಬೇಕಾದಷ್ಟಿದೆ, ಸುಣ್ಣ ಅದನ್ನು ಕಟ್ಟಿ ಹಾಕಿದೆ, ಬೇರಿಗೆ ಸಿಗದು. ಅದಕ್ಕೇ ಹೆಕ್ಟೇರಿಗೆ 25 ಕಿಲೋ ಫೆರಸ್ ಸಲ್ಫೇಟ್, 20 ಕಿಲೋ ಝಿಂಕ್ ಸಲ್ಫೇಟ್‌ಗಳನ್ನು ಬರಿದೇ ಚೆಲ್ಲಬೇಡಿರಿ, ಹತ್ತು ಪಟ್ಟು ಕಳಿತ ಶೆಗಣಿ ಗೊಬ್ಬರದಲ್ಲಿ ಬೆರೆಸಿ ಐದಾರು ದಿವಸ ಇಟ್ಟು ಕೊಡಿರಿ ಎಂದು ಹೇಳುತ್ತೇವೆ. ಗೊಬ್ಬರದ ಜೊತೆಗಿದ್ದರೆ ಸುಣ್ಣದ ಕೈಗೆ ಅದು ಬೇಗ ಸಿಕ್ಕುವುದಿಲ್ಲ.

ನಮ್ಮ ಹೊಟ್ಟೆಯಲ್ಲಿಯೂ ಇದೇ ನಡೆಯುತ್ತದೆ. ನೂರು ಗ್ರಾಮ್ ಜೋಳದಲ್ಲಿ ಸುಮಾರು 4 ಮಿಲಿಗ್ರಾಮ್ ಕಬ್ಬಿಣ ಉಂಟು. ದಿನಕ್ಕೆ ಮುನ್ನೂರು ಗ್ರಾಮ್ ಹಿಟ್ಟಿನ ರೊಟ್ಟಿ ತಿಂದರೆ 12 ಮಿಲಿಗ್ರಾಮ್ ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಹೇಳಿದಂತೆ ಗಂಡಸಿಗೆ ದಿನಕ್ಕೆ 19, ಹೆಂಗಸಿಗೆ 29 ಮಿಲಿಗ್ರಾಮ್ ಬೇಕು. ಲೆಕ್ಕ ಅಲ್ಲಿಯೇ ಸಾಲದು. ಅದರಲ್ಲಿಯೂ ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಕಟ್ಟಿ ಹಾಕುತ್ತದೆ, ಉಂಡದ್ದರ ಹತ್ತನೆಯ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ. ಊಟ ಮುಗಿಯುತ್ತಲೇ ಚಹಾ ಕುಡಿದರೆ ಅದೂ ಇನ್ನಷ್ಟು ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ನೂರು ಹೆಂಗಸರಲ್ಲಿ 54 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವರು ಅವರೇ ಅಲ್ಲವೇ? ಪಲ್ಯೆ ತೀರಿರುತ್ತದೆ, ಬೇಳೆ ತಳ ಕಂಡಿರುತ್ತದೆ, ರೊಟ್ಟಿ ಖಾರ ಉಳಿದಿರುತ್ತದೆ. ಕಬ್ಬು ಕಡಿಯಲು ಬರುವ ಟೋಳಿಯ ಹೆಂಗಸರ ಸ್ಥಿತಿ ಇದಕ್ಕಿಂತ ಕಠಿಣ.

ಕಟ್ಟು ಬಿಡಿಸುವ ಕೆಲಸ ‘ಸಿ’ ಜೀವಸತ್ವದ್ದು. ಪಲ್ಯೆ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿರಿ, ಕುದಿಯುವಾಗ ಹಿಂಡಿದರೆ ಸತ್ವ ಹಾಳಾಗುತ್ತದೆ. ನಿಂಬೆಗಿಂತ ಪೇರಲಹಣ್ಣು, ನೆಲ್ಲಿಕಾಯಿಗಳಲ್ಲಿ ಅದು ಬಹಳ ಹೆಚ್ಚು. ಚಹಾ ಬೇಕೇ ಬೇಕೆಂದರೆ ಊಟವಾಗಿ ಒಂದು ತಾಸು ಕಳೆಯಲಿ.

ಬೆಲ್ಲ ತಿಂದರೆ ರಕ್ತ ಬೆಳೆಯುತ್ತದೆಂದು ಅನೇಕರು ಕೇಳುತ್ತಾರೆ. ನಾನು ಸಕ್ಕರೆ ಕಾರಖಾನೆಯ ನೌಕರ, ಆದರೂ ಇದ್ದದ್ದನ್ನು ಹೇಳಬೇಕು. ಹತ್ತು ಗ್ರಾಮ್ ಬೆಲ್ಲದ ತುಣುಕಿನಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಮ್ ಸಹ ತುಂಬುವುದಿಲ್ಲ. ಸಕ್ಕರೆಯಲ್ಲಂತೂ ಶಕ್ತಿಯ ಹೊರತು ಜೀವಸತ್ವವಾಗಲಿ ಖನಿಜವಾಗಲಿ ಇಲ್ಲವೆಂದೇ ತಿಳಿಯಿರಿ. ಸಭಾಸದರಿಗೆ ಸಿಗುವ ಸಕ್ಕರೆಯನ್ನು ಹಬ್ಬಕ್ಕೆ ಬಳಸಿರಿ, ಮಗುವಿನ ಊಟವೆಂದು ಚಹಾದಲ್ಲಿ ಕಲಸಿ ಕೊಡಬೇಡಿರಿ.

ಇನ್ನು ಜೋಳದ ಬಗ್ಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ, ತಾವು ಕೇಳಲೇಬೇಕಾದದ್ದು. ದಖ್ಖನ್ ಪ್ರದೇಶದಲ್ಲಿ ಜೋಳವೊಂದನ್ನೇ ಉಂಡು ಬದುಕುವ ಬಡವರಿಗೆ ಪೆಲ್ಲಾಗ್ರಾ ಎಂಬ ರೋಗ ಬರುತ್ತಿತ್ತು. ಬಿಸಿಲು ತಾಕುವ ಮುಂಗೈ, ಕುತ್ತಿಗೆಯ ಚರ್ಮ ಕರಿದಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು. ನಿಯಾಸಿನ್ ಎಂಬ ‘ಬಿ’ ಗುಂಪಿನ ಜೀವಸತ್ವದ ಕೊರತೆಯಿಂದ ಬರುವ ರೋಗವಿದು. ಹೈದರಾಬಾದಿನ ಪ್ರಯೋಗಶಾಲೆಯಲ್ಲಿ (ಈಗಿನ ರಾಷ್ಟ್ರೀಯ ಪೋಷಣ ಸಂಸ್ಥೆ) ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಇದರ ಅಭ್ಯಾಸ ಮಾಡಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಾಗಬಹುದೆಂದು 1960ರಲ್ಲಿ ಬರೆದರು. ಲ್ಯೂಸಿನ್ ಮಾತಿನ ಮೇಲೆ ಮುಂದೆ ವಾದವೂ ನಡೆಯಿತು. ಆಹಾರ ಸುಧಾರಿಸಿದಂತೆ ರೋಗ ಬಹಳ ಇಳಿಯಿತು.

ಹಾಗೆಂದು ಮಾಲದಂಡಿ ಜೋಳವನ್ನು ಬಿಟ್ಟು ರೇಶನ್ ಅಕ್ಕಿಗೆ ಹೋಗಬೇಡಿರಿ. ರೋಗ ಬಂದದ್ದು ಬರೀ ಜೋಳ ಉಂಡವರಿಗೆ. ನಮ್ಮ ಸೋಲಾಪುರದ ಶೇಂಗಾ ಚಟ್ನಿ ಇದೆಯಲ್ಲ, ಸಸ್ಯಾಹಾರದಲ್ಲಿ ನಿಯಾಸಿನ್ ಚೆನ್ನಾಗಿ ಇರುವ ಪದಾರ್ಥಗಳಲ್ಲಿ ಶೇಂಗಾ ಒಂದು. ರೊಟ್ಟಿಗೆ ಚಟ್ನಿ ಹಚ್ಚಿಕೊಂಡ ಹಿರಿಯರು ಔಷಧವನ್ನೇ ಹಚ್ಚಿಕೊಂಡಿದ್ದರು. ಜೊತೆಗೆ ತೊಗರಿ, ಹೆಸರು, ಮಡಕಿ, ಮಜ್ಜಿಗೆ.

ಈಗ ನನ್ನ ಇಲಾಖೆಗೇ ತಾಗುವ ಮಾತು. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು, ತೊಗರಿ ಮಡಕಿ ಮನೆಗೆ ಬರುತ್ತಿತ್ತು. ಬದುವಿನಲ್ಲಿ ಹಕ್ಕರಕಿ, ರಾಜಗಿರಿ ತಾವಾಗಿ ಹುಟ್ಟುತ್ತಿದ್ದವು. ಬೋರಿನ ನೀರು ಬಂದಿತು, ಕಬ್ಬು ಬಂದಿತು, ಹಣ ಬಂದಿತು. ಆದರೆ ಹೊಲದಿಂದ ಅಡಿಗೆ ಮನೆಗೆ ಬರುವುದು ನಿಂತಿತು. ಕಳೆನಾಶಕ ಹೊಡೆದ ಹೊಲದ ಸೊಪ್ಪನ್ನು ತಿನ್ನಲೂ ಬಾರದು. ಹಾಲು ಡೇರಿಗೆ ಹೋಗುತ್ತದೆ, ಸಸ್ಯಾಹಾರಿ ಮನೆಗಳಲ್ಲಿ ‘ಬಿ-12’ ಜೀವಸತ್ವ ಹಾಲು ಮೊಸರಿನಿಂದಲೇ ಬರಬೇಕೆಂಬುದನ್ನು ಮರೆಯುತ್ತೇವೆ. ಡೇರಿಗೆ ಹಾಕುವ ಮೊದಲು ಮಕ್ಕಳ ಪಾಲು ತೆಗೆದಿಡಿರಿ.

ಆದ್ದರಿಂದ ಅಡಸಾಲಿ ಇರಲಿ, ಸುರು ಕಬ್ಬು ಇರಲಿ, ನೆಟ್ಟ ಮೇಲೆ ಮೂರು ತಿಂಗಳು ಸಾಲಿನ ನಡುವೆ ಬಿಸಿಲು ಬೀಳುತ್ತದೆ. ಅಲ್ಲಿ ಶೇಂಗಾ, ಮೆಂತ್ಯ, ಕೊತ್ತಂಬರಿ, ಕಡಲೆ, ಹಂಗಾಮು ನೋಡಿ ಹಾಕಿರಿ. ಆ ಸಾಲಿಗೆ ಕಳೆನಾಶಕ ಬೇಡ, ಕೈಯಿಂದ ಕಳೆ ತೆಗೆಯಿರಿ. ಬಾವಿಯ ಬದಿಯಲ್ಲಿ ಎರಡು ನುಗ್ಗೆ, ಒಂದು ಪೇರಲ, ಒಂದು ನಿಂಬೆ. ನುಗ್ಗೆ ಸೊಪ್ಪಿನಲ್ಲಿ ‘ಎ’ ಜೀವಸತ್ವವಾಗುವ ಅಂಶವಿದೆ, ಸ್ವಲ್ಪ ಕುಸುಬಿ ಎಣ್ಣೆಯ ಒಗ್ಗರಣೆ ಕೊಟ್ಟರೆ ಮೈಗೆ ಹತ್ತುತ್ತದೆ. ಸಜ್ಜೆ ಬಿತ್ತುವವರು ‘ಧನಶಕ್ತಿ’ ತಳಿಯನ್ನು ವಿಚಾರಿಸಿರಿ. ರಾಹುರಿ ಕೃಷಿ ವಿದ್ಯಾಪೀಠ ಮತ್ತು ಇಕ್ರಿಸ್ಯಾಟ್ ಕೂಡಿ ತಯಾರಿಸಿದ, 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾದ ಹೆಚ್ಚು ಕಬ್ಬಿಣದ ತಳಿಯದು.

ಉಪ್ಪು ಅಯೋಡಿನ್ ಇದ್ದದ್ದೇ ಇರಲಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಎಲೆ ಬೆಳ್ಳಗಾದ ಮೇಲೆ ಬರೀ ಗೊಬ್ಬರ ಸಾಲದು, ಸಿಂಪರಣೆಯೂ ಬೇಕಾಗುತ್ತದೆ. ಅದರಂತೆ ರಕ್ತ ಬಹಳ ಕಡಿಮೆಯಾದವರಿಗೆ ಊಟವೊಂದೇ ಸಾಲದು. ಏದುಸಿರು, ತಲೆ ಸುತ್ತುವುದು, ಕಣ್ಣಿನ ಒಳರೆಪ್ಪೆ ಬಿಳಿಚುವುದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿರಿ. ಬಸಿರಿಯರಿಗೆ ಕಬ್ಬಿಣದ ಮಾತ್ರೆಗಳನ್ನು ಅಲ್ಲಿ ಪುಕ್ಕಟೆ ಕೊಡುತ್ತಾರೆ, ದಿನಕ್ಕೊಂದರಂತೆ 180 ದಿವಸ ನುಂಗಬೇಕು. ಮಲ ಕರಿದಾಗುತ್ತದೆಂದು ಹೆದರಿ ಬಹಳ ಮಂದಿ ನಡುವೆಯೇ ಬಿಡುತ್ತಾರೆ. ಅದು ಮಾತ್ರೆಯ ಬಣ್ಣವೇ ಹೊರತು ರೋಗವಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಿರಿ, ನಿಂಬೆ ನೀರಿನ ಜೊತೆಗಾದರೆ ಇನ್ನೂ ಒಳ್ಳೆಯದು, ಚಹಾದ ಜೊತೆಗೆ ಮಾತ್ರ ಬೇಡ.