ರೈತರ ಮೈತೂಕ: ಇಳಿಸುವುದು ಹೇಗೆ? ಇಳಿದದ್ದನ್ನು ಉಳಿಸುವುದು ಹೇಗೆ?

(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಸಂಘದ ಡೈರಿಗೆ ಹಾಲು ಹಾಕುವ ರೈತನಿಗೆ ತನ್ನ ಹಸು ಬೆಳಿಗ್ಗೆ ಎಷ್ಟು ಕೊಟ್ಟಿತು, ಸಂಜೆ ಎಷ್ಟು ಕೊಟ್ಟಿತು ಎಂಬ ಲೆಕ್ಕ ಗೊತ್ತು. ರಾಗಿ ಚೀಲದ ತೂಕ ಗೊತ್ತು, ಕೊಬ್ಬರಿಯ ತೂಕ ಗೊತ್ತು. ಆದರೆ ಸ್ವಂತ ಮೈತೂಕ ಎಷ್ಟೆಂದು ಕೇಳಿದರೆ ಬಹುಮಂದಿ ಹೇಳಲಾರರು. ಉಡಿದಾರ ಬಿಗಿಯಾದಾಗ ಅದನ್ನು ಸಡಿಲಿಸಿ ಕಟ್ಟಿಕೊಳ್ಳುತ್ತಾರೆಯೇ ಹೊರತು, ಅದು ಏಕೆ ಬಿಗಿಯಾಯಿತೆಂದು ವಿಚಾರಿಸುವವರು ಕಡಿಮೆ.

"ಬೊಜ್ಜು ಪೇಟೆಯವರ ಕಾಯಿಲೆ, ದುಡಿಯುವ ರೈತನಿಗೆ ಅದೆಲ್ಲಿಂದ ಬಂತು?" ಎಂಬ ಮಾತು ಒಂದು ಕಾಲಕ್ಕೆ ಸರಿಯಾಗಿತ್ತು. ಈಗ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮಾಂತರ ಪ್ರದೇಶದಲ್ಲೇ 15ರಿಂದ 49 ವಯಸ್ಸಿನ ಐವರಲ್ಲಿ ಸುಮಾರು ಒಬ್ಬರ ತೂಕ ಮಿತಿ ಮೀರಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿದೆ.

ಈ ಕಾಯಿಲೆಯಿಂದ ರೈತನಿಗೆ ಆಗುವ ನಷ್ಟ ಇತರರಿಗಿಂತ ಹೆಚ್ಚು. ಬರಿಗಾಲಿನಲ್ಲಿ ಗದ್ದೆಗಿಳಿಯುವವನ ಪಾದದಲ್ಲಿ ಸ್ಪರ್ಶ ಕುಂದಿದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಕಲ್ಲು ಕೊಯ್ದದ್ದೂ ತಿಳಿಯುವುದಿಲ್ಲ. ಗಾಯ ಮಾಯದೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ತೂಕ ಹೊತ್ತು ಮಂಡಿ ಸವೆದರೆ ಕಳೆ ಕೀಳಲು ಕೂರುವಂತಿಲ್ಲ. ಮನೆಯವರು ಮಾಡುತ್ತಿದ್ದ ಕೆಲಸಕ್ಕೂ ಕೂಲಿ ಕೊಡಬೇಕಾಗುತ್ತದೆ. ಆದ್ದರಿಂದ ಮೈತೂಕದ ಪ್ರಶ್ನೆ ಅಂದಚೆಂದದ ಪ್ರಶ್ನೆಯಲ್ಲ, ಬೇಸಾಯದ ಪ್ರಶ್ನೆ.

ತೂಕ ಏರಲು ಕಾರಣ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿ ಮಾಡಿರುವಂತೆ 65 ಕಿಲೋ ತೂಕದ ಗಂಡಸು ಮೈಮುರಿಯುವ ಕೆಲಸ ಮಾಡಿದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಗೆ 2710 ಸಾಕು. ಕುಳಿತು ಮಾಡುವ ಕೆಲಸಕ್ಕೆ 2110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಇದೇ ಕ್ರಮದಲ್ಲಿ 2720, 2130 ಮತ್ತು 1660 ಕ್ಯಾಲೊರಿ ಬೇಕು.

ಈ ಅಂಕಿಗಳನ್ನು ಹಳ್ಳಿಯ ಬದುಕಿಗೆ ಹೊಂದಿಸಿ ನೋಡಬೇಕು. ಜೋಡೆತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದ ರೈತ ಇಂದು ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದಾನೆ. ಕಪಿಲೆ, ಏತಗಳು ಹೋಗಿ ಪಂಪ್‌ಸೆಟ್ ಬಂದಿದೆ. ಒಕ್ಕಣೆಯನ್ನು ಯಂತ್ರ ಮಾಡುತ್ತದೆ. ತೋಟಕ್ಕೆ ಹೋಗಲು ಮೋಟಾರ್ ಸೈಕಲ್ ಇದೆ. ಇವೆಲ್ಲ ಬೇಕಾದ ಅನುಕೂಲಗಳೇ. ಇವನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ದುಡಿಮೆ ಇಳಿದಷ್ಟು ಊಟ ಇಳಿಯಲಿಲ್ಲ. ಅದರ ಮೇಲೆ ಸಕ್ಕರೆ ಹಾಕಿದ ಚಹಾ, ಬಿಸ್ಕತ್ತು, ಸಂಜೆಯ ಬೋಂಡ ಸೇರಿಕೊಂಡವು. ತೂಬು ಮುಚ್ಚಿದ ಕೆರೆಗೆ ಮೊದಲಿನಷ್ಟೇ ನೀರು ಹರಿದು ಬಂದರೆ ಕೆರೆ ತುಂಬಲೇಬೇಕು. ಖರ್ಚಾಗದ ಶಕ್ತಿ ಹೊಟ್ಟೆಯ ಸುತ್ತ ಕೊಬ್ಬಾಗಿ ನಿಲ್ಲುತ್ತದೆ.

ಯಾರು ಇಳಿಸಬೇಕು? ಎಷ್ಟು ಇಳಿಸಬೇಕು?

ತೂಕವನ್ನು ಕಿಲೋಗ್ರಾಂಗಳಲ್ಲಿ, ಎತ್ತರವನ್ನು ಮೀಟರುಗಳಲ್ಲಿ ಬರೆದುಕೊಂಡು, ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಬೇಕು. ಬಂದ ಅಂಕಿ 23 ದಾಟಿದರೆ ಭಾರತೀಯರಿಗೆ ತೂಕ ಹೆಚ್ಚೆಂದೂ, 25 ದಾಟಿದರೆ ಬೊಜ್ಜೆಂದೂ ವೈದ್ಯರು ಪರಿಗಣಿಸುತ್ತಾರೆ. ಇದಕ್ಕಿಂತ ಸುಲಭವಾದ ಅಳತೆ ಸೊಂಟದ ಸುತ್ತಳತೆ. ಹೊಕ್ಕುಳದ ಮಟ್ಟದಲ್ಲಿ ದಾರ ಸುತ್ತಿ, ಆ ದಾರವನ್ನು ಅಳತೆಪಟ್ಟಿಗೆ ಹಿಡಿದು ನೋಡಬೇಕು. ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಗಜ. ಹೆಂಗಸರಿಗೆ 80 ಸೆಂಟಿಮೀಟರ್. ಇದನ್ನು ಮೀರಿದವರು ಎಚ್ಚರಗೊಳ್ಳಬೇಕು.

ಒಬ್ಬ ರೈತನ ಎತ್ತರ 165 ಸೆಂಟಿಮೀಟರ್, ತೂಕ 80 ಕಿಲೋ ಎಂದು ಇಟ್ಟುಕೊಳ್ಳಬಹುದು. ಅವನ ಅಂಕಿ 29 ದಾಟುತ್ತದೆ. ಅವನು ಒಮ್ಮೆಗೇ 60 ಕಿಲೋಗೆ ಇಳಿಯಬೇಕೆಂದು ಹೊರಟರೆ ಸೋಲುವುದೇ ಹೆಚ್ಚು. ಅಷ್ಟು ಇಳಿಸುವ ಅಗತ್ಯವೂ ಆರಂಭದಲ್ಲಿ ಇಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೂರಕ್ಕೆ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿಯನ್ನು ಕೊಡಲಾಗಿತ್ತು. ಅಂಥವರಲ್ಲಿ ಕಾಯಿಲೆ ಬರುವ ಪ್ರಮಾಣ ನೂರಕ್ಕೆ 58ರಷ್ಟು ತಗ್ಗಿತು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಪ್ರಯೋಗದಲ್ಲೂ ಊಟ ಮತ್ತು ನಡಿಗೆಯ ಬದಲಾವಣೆಯಿಂದ ಕಾಯಿಲೆ ನೂರಕ್ಕೆ 28ರಷ್ಟು ತಗ್ಗಿತು. ಅಲ್ಲಿ ತೂಕ ಹೆಚ್ಚಾಗಿ ಇಳಿದಿರಲಿಲ್ಲವೆಂಬುದು ಗಮನಾರ್ಹ. ಆದ್ದರಿಂದ 80 ಕಿಲೋ ತೂಕದವನಿಗೆ ಮೊದಲ ಗುರಿ 4 ಕಿಲೋ, ಅದೂ ನಾಲ್ಕು ತಿಂಗಳಲ್ಲಿ. ಭತ್ತಕ್ಕೆ ಸಾರಜನಕವನ್ನು ಕಂತುಗಳಲ್ಲಿ ಕೊಡುವಂತೆ ತೂಕವನ್ನೂ ಕಂತುಗಳಲ್ಲೇ ಇಳಿಸಬೇಕು.

ಮೊದಲ ವಾರ: ಬರೆಯುವ ಕೆಲಸ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದು ಹೇಗೆ ಸರಿಯಲ್ಲವೋ, ಹಾಗೆಯೇ ಏನು ತಿನ್ನುತ್ತಿದ್ದೇವೆಂದು ತಿಳಿಯದೆ ಊಟ ಕಡಿಮೆ ಮಾಡುವುದೂ ಸರಿಯಲ್ಲ. ಮೊದಲ ಏಳು ದಿನ ಏನನ್ನೂ ಬಿಡಬೇಕಾಗಿಲ್ಲ. ಶಾಲೆಗೆ ಹೋಗುವ ಮಗುವಿನ ಹಳೆಯ ನೋಟ್‌ಬುಕ್ ಸಾಕು. ಎದ್ದಾಗಿನಿಂದ ಮಲಗುವವರೆಗೆ ತಿಂದದ್ದು, ಕುಡಿದದ್ದು, ಎಷ್ಟು ಲೋಟ, ಎಷ್ಟು ಚಮಚ ಎಂಬುದನ್ನು ಬರೆಯಬೇಕು. ಎಷ್ಟು ಹೊತ್ತು ನಡೆದದ್ದು ಎಂಬುದನ್ನೂ ಸೇರಿಸಬೇಕು. ಸಂತೆಯಲ್ಲಿ ತಿಂದದ್ದು, ಪೇಟೆಗೆ ಹೋದಾಗ ಗೆಳೆಯರ ಜೊತೆ ಕುಡಿದದ್ದು ಬಿಟ್ಟುಹೋಗಬಾರದು. ವಾರದ ಕೊನೆಯಲ್ಲಿ ಓದಿದಾಗ ಸೋರಿಕೆ ಎಲ್ಲಿದೆಯೆಂದು ತಾನಾಗಿ ಕಾಣುತ್ತದೆ.

ಊಟದಲ್ಲಿ ಮಾಡಬೇಕಾದ ಬದಲಾವಣೆ

ತಿಂಗಳಿಗೆ ಒಂದು ಕಿಲೋ ಇಳಿಯಲು ದಿನಕ್ಕೆ ಸುಮಾರು 250 ಕ್ಯಾಲೊರಿ ಕಡಿಮೆಯಾಗಬೇಕು. ಇದನ್ನು ಉಪವಾಸವಿಲ್ಲದೆ ಹೀಗೆ ಸಾಧಿಸಬಹುದು:

1. ದಿನಕ್ಕೆ ಐದು ಲೋಟ ಕಾಫಿ, ಚಹಾ ಕುಡಿಯುವವರು ಲೋಟಕ್ಕೆ ಎರಡು ಚಮಚದ ಬದಲು ಒಂದು ಚಮಚ ಸಕ್ಕರೆ ಹಾಕಿಕೊಂಡರೆ 100 ಕ್ಯಾಲೊರಿ ಉಳಿಯುತ್ತದೆ. ಸಕ್ಕರೆ ಬಿಟ್ಟು ಅಷ್ಟೇ ಬೆಲ್ಲ ಹಾಕಿಕೊಂಡರೆ ಲಾಭವಿಲ್ಲ.

2. ದಿನದ ಅಕ್ಕಿಯಲ್ಲಿ ಒಂದು ಸಣ್ಣ ಹಿಡಿ, ಅಂದರೆ 30 ಗ್ರಾಂ ಕಡಿಮೆ ಮಾಡಿದರೆ ಇನ್ನೊಂದು 100 ಕ್ಯಾಲೊರಿ.

3. ಒಬ್ಬರ ಪಾಲಿನ ಎಣ್ಣೆಯಲ್ಲಿ ಒಂದು ಚಮಚ ಕಡಿಮೆಯಾದರೆ 45 ಕ್ಯಾಲೊರಿ. ಗಾಣದ ಎಣ್ಣೆಗೂ ಇದೇ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗದರ್ಶಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಎಣ್ಣೆ ತುಪ್ಪ ಸೇರಿ 27 ಗ್ರಾಂ ಎಂದಿದೆ. ನಾಲ್ವರ ಸಂಸಾರಕ್ಕೆ ತಿಂಗಳಿಗೆ ಸುಮಾರು ಮೂರೂಕಾಲು ಕಿಲೋ ಎಂದಾಯಿತು. ತಿಂಗಳ ಎಣ್ಣೆಯ ಲೆಕ್ಕವನ್ನು ಇದರೊಡನೆ ಹೋಲಿಸಬಹುದು.

ಕಡಿಮೆ ಮಾಡಿದ ಜಾಗವನ್ನು ಖಾಲಿ ಬಿಡಬಾರದು. ಹಸಿದ ಹೊಟ್ಟೆ ಹೆಚ್ಚು ದಿನ ಮಾತು ಕೇಳುವುದಿಲ್ಲ. ಸೊಪ್ಪಿನ ಸಾರು, ಬಸ್ಸಾರು, ಹುರುಳಿಯ ಸಾರು, ಮೊಳಕೆ ಕಾಳು, ಕೋಸಂಬರಿ, ನೀರು ಮಜ್ಜಿಗೆ ಇವುಗಳಿಂದ ತಟ್ಟೆಯ ಅರ್ಧ ಭಾಗ ತುಂಬಬೇಕು. ಕಾಳು, ಹಾಲು, ಮೊಟ್ಟೆಗಳಲ್ಲಿರುವ ಸಸಾರಜನಕವು ತೂಕ ಇಳಿಯುವಾಗ ಮಾಂಸಖಂಡ ಕರಗದಂತೆ ಕಾಯುತ್ತದೆ, ಹಸಿವನ್ನೂ ತಡೆಯುತ್ತದೆ.

ರಾಗಿಯ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ತಾನಾಗಿ ತೂಕ ಇಳಿಯುತ್ತದೆಂಬ ನಂಬಿಕೆ ಪೂರ್ತಿ ನಿಜವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ ಇದೆ; ವ್ಯತ್ಯಾಸ ಅಲ್ಪ. ಆದರೆ ನಾರಿನಂಶ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಜೋಳದಲ್ಲೂ 10 ಗ್ರಾಂನಷ್ಟು ನಾರಿದೆ. ನಾರು ಹೆಚ್ಚಿದ್ದಷ್ಟು ಹೊಟ್ಟೆ ಬೇಗ ತುಂಬಿದಂತಾಗುತ್ತದೆ. ಒಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು ಒಳ್ಳೆಯ ಊಟ. ಎರಡು ದೊಡ್ಡ ಮುದ್ದೆ ಉಂಡು ಅದರ ಮೇಲೆ ಅನ್ನ ಬಡಿಸಿಕೊಂಡರೆ ರಾಗಿಯ ಪ್ರಯೋಜನ ಅಲ್ಲಿಗೇ ಮುಗಿಯಿತು.

ನಡಿಗೆ ಮತ್ತು ಮೈಗೆಲಸ

80 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 100 ಕ್ಯಾಲೊರಿ ಹೆಚ್ಚಾಗಿ ಖರ್ಚಾಗುತ್ತದೆ. ನಡೆದು ಬಂದು ಎರಡು ಬೋಂಡ ತಿಂದರೆ ಅದು ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಆದರೂ ನಡಿಗೆ ಬಿಡಬಾರದು. ಇಳಿದ ತೂಕವನ್ನು ಹಿಡಿದು ನಿಲ್ಲಿಸುವುದು ಅದೇ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲೂ ಅದು ನೆರವಾಗುತ್ತದೆ.

ನಡಿಗೆಗೆಂದು ಬೇರೆ ಹೊತ್ತು ಹುಡುಕುವುದಕ್ಕಿಂತ ಇರುವ ಕೆಲಸಕ್ಕೇ ಅದನ್ನು ಗಂಟು ಹಾಕುವುದು ಮೇಲು. ಡೈರಿಗೆ ಹಾಲನ್ನು ನಡೆದೇ ಒಯ್ಯಬಹುದು. ತೋಟದ ಬದುಗಳನ್ನು ದಿನಕ್ಕೊಮ್ಮೆ ಸುತ್ತಿದರೆ ಮೈಗೂ ಒಳ್ಳೆಯದು. ಕೀಟ ರೋಗಗಳೂ ಬೇಗ ಕಣ್ಣಿಗೆ ಬೀಳುತ್ತವೆ. ಮೇವು ಕೊಯ್ಯುವುದು, ಪಾತಿ ಮಾಡುವುದು, ಬುಟ್ಟಿ ಹೊರುವುದು ಮಾಂಸಖಂಡಗಳಿಗೆ ಬಲ ಕೊಡುತ್ತವೆ. ಮಂಡಿ ನೋವಿರುವವರು ಮಟ್ಟಸವಾದ ದಾರಿಯಲ್ಲಿ ಹತ್ತು ನಿಮಿಷದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು.

ಉತ್ಸಾಹ ಕುಂದದಿರಲು

ಆರಂಭ ಮಾಡುವವರು ಬಹುಮಂದಿ. ಆರು ತಿಂಗಳು ನಡೆಸುವವರು ಕಡಿಮೆ. ಉತ್ಸಾಹವು ಮಳೆಯಂತೆ, ಬಂದು ಹೋಗುವಂಥದು. ಅದನ್ನೇ ನಂಬಿ ಬೇಸಾಯ ಮಾಡಲಾಗದು. ಅಭ್ಯಾಸವು ಬಾವಿಯ ನೀರಿನಂತೆ; ಅದನ್ನು ತೋಡಿಕೊಳ್ಳಬೇಕು.

ಮೊದಲನೆಯದಾಗಿ, ಗುರಿ ಕಣ್ಣಿಗೆ ಕಾಣುವಂತಿರಬೇಕು. "ಸಣ್ಣಗಾಗಬೇಕು" ಎಂಬುದು ಗುರಿಯಲ್ಲ. ಒಂದು ಸಾಲಿನ ಕಳೆಯನ್ನು ನಡುವೆ ಏಳದೆ ಮುಗಿಸುವುದು, ಶಿವರಾತ್ರಿಗೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವುದು, ಇಂಥವು ಗುರಿಗಳು.

ಎರಡನೆಯದಾಗಿ, ವಾರಕ್ಕೊಮ್ಮೆ ಒಂದೇ ದಿನ, ಬೆಳಿಗ್ಗೆ ಏನೂ ತಿನ್ನುವ ಮುನ್ನ, ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ದೇಹದ ನೀರಿನಿಂದಲೇ ಒಂದೆರಡು ಕಿಲೋ ಏರಿಳಿತವಾಗುವುದುಂಟು. ಆದ್ದರಿಂದ ಒಂದು ವಾರದ ಅಂಕಿಗೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ತಿಂಗಳ ಲೆಕ್ಕ ನೋಡಬೇಕು.

ಮೂರನೆಯದಾಗಿ, ಮನೆಯವರೆಲ್ಲ ಒಂದೇ ಅಡಿಗೆ ಉಣ್ಣಬೇಕು. ಗಂಡನಿಗೊಂದು, ಮಕ್ಕಳಿಗೊಂದು ಎಂದು ಎರಡು ಒಲೆ ಉರಿಸುವ ಹೊರೆ ಗೃಹಿಣಿಯ ಮೇಲೆ ಬಿದ್ದರೆ ಹದಿನೈದು ದಿನಕ್ಕೆ ಕೆಲಸ ನಿಲ್ಲುತ್ತದೆ. ಅನ್ನ ಚೆಲ್ಲಬಾರದೆಂದು ಪಾತ್ರೆಯಲ್ಲಿ ಮಿಕ್ಕದ್ದನ್ನೆಲ್ಲ ಆಕೆಯೇ ಉಣ್ಣುವ ರೂಢಿಯೂ ಹೋಗಬೇಕು. ಅಳತೆ ನೋಡಿ ಅಕ್ಕಿ ಹಾಕುವುದೇ ಅದಕ್ಕೆ ಪರಿಹಾರ.

ನಾಲ್ಕನೆಯದಾಗಿ, ಹಬ್ಬಹುಣ್ಣಿಮೆ, ಬೀಗರೂಟ, ಜಾತ್ರೆಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಬ್ಬದ ದಿನ ಹೋಳಿಗೆ ತಿನ್ನಬಹುದು. ಮಿಕ್ಕ ಹೋಳಿಗೆಯನ್ನು ಮೂರು ದಿನ ತಿನ್ನುವುದರಿಂದಲೇ ತೊಂದರೆ. ಬಿತ್ತಿದ ಹೊಲದಲ್ಲಿ ಅಲ್ಲಲ್ಲಿ ಮೊಳಕೆ ಬಾರದಿದ್ದರೆ ರೈತನು ಆ ಜಾಗಕ್ಕೆ ಬೇರೆ ಪೈರು ತಂದು ನೆಡುತ್ತಾನೆ. ಹೊಲವನ್ನೇ ಉತ್ತು ಬಿಡುವುದಿಲ್ಲ. ಒಂದು ದಿನ ತಪ್ಪಿದವರು ಮರುದಿನ ಬೆಳಗಿನ ಕಾಫಿಯಿಂದಲೇ ಕ್ರಮಕ್ಕೆ ಮರಳಬೇಕು. ತಪ್ಪಿದ್ದಕ್ಕೆ ದಂಡವೆಂದು ಉಪವಾಸ ಕೂರಬಾರದು.

ತೂಕ ಇಳಿಯದೆ ನಿಂತಾಗ

ಕೆಲವು ತಿಂಗಳ ನಂತರ ತೂಕ ಒಂದೆಡೆ ನಿಂತುಬಿಡುತ್ತದೆ. ಹೆಚ್ಚಿನವರು ಕೈಬಿಡುವುದು ಈ ಘಟ್ಟದಲ್ಲೇ. ಇಳಿದ ದೇಹಕ್ಕೆ ಮೊದಲಿಗಿಂತ ಕಡಿಮೆ ಶಕ್ತಿ ಸಾಕು. ಜೊತೆಗೆ ದೇಹವು ತನ್ನ ಖರ್ಚನ್ನು ತಾನೇ ಬಿಗಿ ಮಾಡುತ್ತದೆ, ಹಸಿವನ್ನೂ ಹೆಚ್ಚಿಸುತ್ತದೆ. ಇದು ದೇಹದ ಸ್ವಭಾವ, ಮನಸ್ಸಿನ ದೌರ್ಬಲ್ಯವಲ್ಲ. ಆಗ ನೋಟ್‌ಬುಕ್ಕನ್ನು ಮತ್ತೆ ಒಂದು ವಾರ ಬರೆದು ಸೋರಿಕೆ ಹುಡುಕಬೇಕು. ಹತ್ತು ನಿಮಿಷ ನಡಿಗೆ ಹೆಚ್ಚಿಸಬೇಕು. ಒಂದೆರಡು ತಿಂಗಳು ಅದೇ ತೂಕದಲ್ಲಿ ನಿಂತರೂ ಅದು ಸೋಲಲ್ಲ, ಗಳಿಸಿದ್ದನ್ನು ಕಾಪಾಡಿಕೊಂಡಂತೆ.

ಎಚ್ಚರಿಕೆಗಳು

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು; ಸಕ್ಕರೆ ದಿಢೀರನೆ ಇಳಿದು ಪ್ರಾಣಾಪಾಯವಾಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ತೂಕ ಇಳಿಸಲು ಹೊರಡಬಾರದು. ನಡೆಯುವಾಗ ಎದೆ ಹಿಡಿದಂತಾದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಹಿಗ್ಗದೆ ವೈದ್ಯರಿಗೆ ತೋರಿಸಬೇಕು. ಅದು ಸಕ್ಕರೆ ಕಾಯಿಲೆಯ ಅಥವಾ ಕ್ಷಯದ ಲಕ್ಷಣವಾಗಿರಬಹುದು. ಹದಿನೈದು ದಿನದಲ್ಲಿ ಹತ್ತು ಕಿಲೋ ಇಳಿಸುವೆವೆಂದು ಮಾರುವ ಪುಡಿ, ಕಷಾಯಗಳಿಗೆ ಹಣ ಸುರಿಯಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಒಂದೇ ಹಳ್ಳಿಯಲ್ಲಿ ಬೊಜ್ಜಿನವರೂ ಇರುತ್ತಾರೆ, ಹೊಟ್ಟೆ ತುಂಬ ಉಣ್ಣದ ಕೂಲಿಯವರೂ ಇರುತ್ತಾರೆ. ಎಲ್ಲರಿಗೂ ಒಂದೇ ಸಲಹೆ ಹೇಳುವುದು ತಪ್ಪು. ಮೊದಲು ಅಳೆದು, ನಂತರ ಹೇಳಬೇಕು. ದಪ್ಪಗಿರುವವರನ್ನು ಸಭೆಯಲ್ಲಿ ಎತ್ತಿ ಆಡಬಾರದು. ನಾಚಿಕೊಂಡವರು ಮರುಸಭೆಗೆ ಬರುವುದಿಲ್ಲ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕದ ಜೊತೆಗೆ ಒಂದು ತಕ್ಕಡಿಯೂ ಇದ್ದರೆ, ಬಯಸಿದವರು ತೂಗಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬಹುದು. 30 ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡುತ್ತಾರೆ. ಆಶಾ ಕಾರ್ಯಕರ್ತೆಯರ ನೆರವಿನಿಂದ ಜನರನ್ನು ಅಲ್ಲಿಗೆ ಕಳುಹಿಸಬೇಕು.

ರೈತ ಬಾಂಧವರೇ, ಸಾರಜನಕ ಹೆಚ್ಚಾದ ಭತ್ತ ನೋಡಲು ಹುಲುಸು. ಗಾಳಿ ಬೀಸಿದರೆ ಮೊದಲು ಒರಗುವುದೂ ಅದೇ. ಮೈಯೂ ಹಾಗೆಯೇ. ಮುಂದಿನ ಹಂಗಾಮಿಗೆ ಕಾಯುವ ಅಗತ್ಯವಿಲ್ಲ. ಈ ವಾರ ಒಂದು ನೋಟ್‌ಬುಕ್ ತೆರೆದು, ಲೋಟಕ್ಕೆ ಒಂದು ಚಮಚ ಸಕ್ಕರೆ ಕಡಿಮೆ ಮಾಡಿ, ಡೈರಿಗೆ ನಡೆದು ಹೋದರೆ ಆರಂಭವಾಯಿತು. ಹೀಗೆ ಆರಂಭಿಸಿ ಬಿಡದೆ ನಡೆಸಿದ ರೈತನು ತನ್ನ ಹೊಲದಲ್ಲಿ ತಾನೇ ದುಡಿಯುವ ಶಕ್ತಿಯನ್ನು ಇನ್ನೂ ಹಲವು ವರ್ಷ ಉಳಿಸಿಕೊಳ್ಳಬಲ್ಲನು.