ಸೈಕಲ್ ತುಳಿಯುವವನೂ ತೆರುವ ಎಣ್ಣೆಯ ಬೆಲೆ
(ಕಾರ್ಮಿಕರು ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪೆಟ್ರೋಲಿನ ಬೆಲೆ ಏರಿದರೆ ಕಾರು ಇದ್ದವರು ಚಿಂತಿಸಲಿ, ಸೈಕಲ್ ತುಳಿಯುವ ನಮಗೇನು ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ತಪ್ಪು ಎಂಬುದನ್ನು ಲೆಕ್ಕ ಹಾಕಿ ತೋರಿಸಬೇಕೆಂದೇ ನಾನು ಈ ಹೊತ್ತು ನಿಮ್ಮ ಮುಂದೆ ನಿಂತಿದ್ದೇನೆ. ಮೇಷ್ಟರಾಗಿದ್ದವನಿಗೆ ಲೆಕ್ಕದ ಚಟ ಬಿಡುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಬೇಕು.

ಮೊದಲು 1973ರ ಸಂಗತಿ. ಆ ವರ್ಷ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾಗಳಿಗೂ ಇಸ್ರೇಲಿಗೂ ಯುದ್ಧ ಹತ್ತಿತು. ಹನ್ನೊಂದು ದಿನಗಳಾದ ಮೇಲೆ ಅರಬ್ ದೇಶಗಳು ಎಣ್ಣೆಯ ಉತ್ಪಾದನೆಯನ್ನು ತಿಂಗಳಿಂದ ತಿಂಗಳಿಗೆ ಇಳಿಸುವುದಾಗಿ ಸಾರಿದವು. ಅಮೆರಿಕಕ್ಕೂ ಹಾಲೆಂಡಿಗೂ ಎಣ್ಣೆ ಕಳಿಸುವುದನ್ನೇ ನಿಲ್ಲಿಸಿದವು. ಭಾರತಕ್ಕೆ ಹಾಗೇನೂ ಮಾಡಲಿಲ್ಲ. ನಮ್ಮ ಸರಕಾರ ಅರಬರ ಪಕ್ಷವನ್ನೇ ವಹಿಸಿತ್ತು. ಆದರೆ ಸಂತೆಯಲ್ಲಿ ಸರಕು ಕಡಿಮೆಯಾದಾಗ ನೆಂಟನಿಗೊಂದು ಬೆಲೆ, ಹಗೆಗೊಂದು ಬೆಲೆ ಇರುವುದಿಲ್ಲ. 159 ಲೀಟರಿನ ಒಂದು ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ಎಣ್ಣೆ 1974ರ ಜನವರಿ 1ರಿಂದ 11 ಡಾಲರ್ 65 ಸೆಂಟ್ ಆಯಿತು. ಆಗ ದೇಶ ಬಳಸುತ್ತಿದ್ದ ಎಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲು ಹೊರಗಿನಿಂದ ಬರುತ್ತಿತ್ತು.

ಪೆಟ್ರೋಲು, ಸೀಮೆಎಣ್ಣೆಗಳ ಬೆಲೆ ಏರಿತು. 1973ರ ನವೆಂಬರ್ 12ರಂದು ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಬಂದರು. ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ ಸಿಕ್ಕಿತು. ನಿಜವಾದ ಏಟು ಬಿದ್ದದ್ದು ಆಮೇಲೆ. ಮರುವರ್ಷದ ಜೂನಿನಲ್ಲಿ ಯೂರಿಯಾ ಗೊಬ್ಬರದ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಗಿ ಟನ್ನಿಗೆ 2,000 ರೂಪಾಯಿಗೆ ಹೋಯಿತು. 1974-75ರಲ್ಲಿ ಸಗಟು ಬೆಲೆಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ ಸುಮಾರು 25ರಷ್ಟು ಏರಿದವು. ಇದೆಲ್ಲ ಎಣ್ಣೆಯೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ; 1972ರ ಬರವೂ ಇತ್ತು, ದಾಸ್ತಾನುಗಾರರೂ ಇದ್ದರು.

ಬೆಲೆ ಏರಿದಷ್ಟು ಕೂಲಿ ಕೇಳಬೇಡವೆ? 1974ರ ಮೇ 8ರಂದು ರೈಲ್ವೆ ಕೆಲಸಗಾರರು ಮುಷ್ಕರ ಹೂಡಿದರು. ಸಾವಿರಾರು ಜನ ಜೈಲು ಸೇರಿದರು. ಜುಲೈಯಲ್ಲಿ ಸರಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು: ನೌಕರರಿಗೆ ಹೆಚ್ಚಾಗಿ ಸಿಗುವ ಸಂಬಳ ಪೂರ್ತಿಯಾಗಿ, ಹೆಚ್ಚಾಗಿ ಸಿಗುವ ತುಟ್ಟಿಭತ್ಯೆಯಲ್ಲಿ ಅರ್ಧ, ಕಡ್ಡಾಯ ಠೇವಣಿಗೆ ಹೋಗಬೇಕು, ಕೆಲವು ವರ್ಷಗಳ ಮೇಲೆ ಕಂತುಗಳಲ್ಲಿ ವಾಪಸು ಬರುತ್ತದೆ. ಜನರ ಕೈಯಲ್ಲಿ ಹಣ ಹೆಚ್ಚಾಗಿ ಬೆಲೆ ಏರುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ತುಟ್ಟಿಭತ್ಯೆಯೆಂದರೆ ಏನು? ನಮ್ಮ ಹೆಂಗಸರು ಮೂರು ತಿಂಗಳ ಹಿಂದೆಯೇ ಅಂಗಡಿಯಲ್ಲಿ ಎಣಿಸಿಕೊಟ್ಟು ಬಂದ ಹಣ. ಅದನ್ನು ಹೆಚ್ಚುವರಿ ಹಣವೆಂದು ಕರೆಯಲು ಬಹಳ ಧೈರ್ಯ ಬೇಕು.

ಈಗ ಲೆಕ್ಕಕ್ಕೆ ಬರೋಣ. ರಷ್ಯ ಉಕ್ರೇನಿನ ಮೇಲೆ ನುಗ್ಗಿದ ಮೇಲೆ, 2022ರ ಮಾರ್ಚ್ 22ರಿಂದ ಏಪ್ರಿಲ್ 6ರ ವರೆಗೆ, ಡೀಸೆಲ್ ಬೆಲೆ ಲೀಟರಿಗೆ ಸುಮಾರು 10 ರೂಪಾಯಿ ಏರಿತು. ಒಂದು ಲಾರಿ ಹತ್ತು ಟನ್ ಅಕ್ಕಿ ಹೇರಿಕೊಂಡು 400 ಕಿಲೋಮೀಟರ್ ಹೋಗುತ್ತದೆಂದು ಇಟ್ಟುಕೊಳ್ಳಿ. ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ 100 ಲೀಟರ್ ಡೀಸೆಲ್. ಅಂದರೆ 1,000 ರೂಪಾಯಿ ಹೆಚ್ಚು. ಹತ್ತು ಸಾವಿರ ಕಿಲೋಗೆ ಹಂಚಿದರೆ ಕಿಲೋಗೆ ಹತ್ತೇ ಪೈಸೆ! ಇಷ್ಟೇನಾ ಎಂದು ನೀವು ಕೇಳುತ್ತೀರಿ. ಅದೇ ಲಾರಿಯಲ್ಲಿ ಮಂಡಕ್ಕಿ ಹೇರಿ ನೋಡಿ. ಎರಡು ಟನ್ನಿಗೆ ಲಾರಿ ತುಂಬಿಹೋದರೆ ಕಿಲೋಗೆ ಐವತ್ತು ಪೈಸೆ. ಬಡವನ ಸಂಜೆಯ ತಿಂಡಿಗೆ ಬಿದ್ದ ಹೊರೆ ಅಕ್ಕಿಯ ಐದರಷ್ಟು. ಇದೂ ಒಂದೇ ಪ್ರಯಾಣದ ಲೆಕ್ಕ. ಉಳುಮೆಯ ಟ್ರ್ಯಾಕ್ಟರಿಗೆ ಡೀಸೆಲ್, ಭತ್ತ ಮಿಲ್ಲಿಗೆ ಬರಲು ಡೀಸೆಲ್, ಕರೆಂಟು ಹೋದಾಗ ಜನರೇಟರಿಗೆ ಡೀಸೆಲ್, ಕೆಲಸಕ್ಕೆ ಬರುವ ಬಸ್ಸಿಗೂ ಡೀಸೆಲ್. ಪ್ರತಿಯೊಂದು ಕೈಯೂ ತನ್ನ ಹತ್ತು ಪೈಸೆಯನ್ನು ರೂಪಾಯಿಗೆ ಸರಿಮಾಡಿಕೊಂಡೇ ಮುಂದಿನ ಕೈಗೆ ದಾಟಿಸುತ್ತದೆ.

ಇದಕ್ಕೆ ಚಿಲ್ಲರೆ ಅಂಗಡಿಯವನನ್ನು ಬೈಯುವವರಿದ್ದಾರೆ. ಅವನ ಪಾಡನ್ನೂ ನೋಡಬೇಕು. ಮೊದಲು ಇಪ್ಪತ್ತು ಮೂಟೆಗೆ ಸಾಕಾಗುತ್ತಿದ್ದ ಬಂಡವಾಳ ಈಗ ಹದಿನೆಂಟಕ್ಕೆ ಬರುತ್ತದೆ. ಉಳಿದೆರಡು ಮೂಟೆಗೆ ಸಾಲ ಮಾಡಬೇಕು, ಬಡ್ಡಿ ಕಟ್ಟಬೇಕು. ಇತ್ತ ಗಿರಾಕಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಕೆಲಸಗಾರನ ಸಂಬಳ ಸಾಲದಿದ್ದರೆ ಅದರ ನಷ್ಟ ಮೊದಲು ಕಾಣುವುದು ಇವನ ಗಲ್ಲಾಪೆಟ್ಟಿಗೆಯಲ್ಲಿ.

ಸರಿ, ಎಣ್ಣೆ ಅಗ್ಗವಾದಾಗ ನಮಗೆ ಸಿಕ್ಕಿದ್ದೇನು? 2020ರ ಏಪ್ರಿಲಿನಲ್ಲಿ ಪ್ರಪಂಚವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಕಚ್ಚಾ ಎಣ್ಣೆ ಪೀಪಾಯಿಗೆ 20 ಡಾಲರಿನ ಆಸುಪಾಸಿಗೆ ಬಿತ್ತು. ಆ ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ಕೇಂದ್ರ ಸರಕಾರ ಡೀಸೆಲ್ ಮೇಲಿನ ಸುಂಕವನ್ನು ಲೀಟರಿಗೆ 15 ರೂಪಾಯಿ 83 ಪೈಸೆಯಿಂದ 31 ರೂಪಾಯಿ 83 ಪೈಸೆಗೆ ಏರಿಸಿತು. ಇಳಿದದ್ದೆಲ್ಲ ಖಜಾನೆಗೆ ಹೋಯಿತು. 2021ರ ನವೆಂಬರಿನಲ್ಲಿಯೂ 2022ರ ಮೇ ತಿಂಗಳಲ್ಲಿಯೂ ಅದನ್ನು ತಗ್ಗಿಸಿದರೆಂಬುದು ನಿಜ; ಅಷ್ಟರಲ್ಲಿ ಎಣ್ಣೆ ಮತ್ತೆ ತುಟ್ಟಿಯಾಗಿತ್ತು. ರಾಜ್ಯ ಸರಕಾರವೂ ಹಿಂದೆ ಬೀಳಲಿಲ್ಲ. 2024ರ ಜೂನಿನಲ್ಲಿ ಕರ್ನಾಟಕವು ಡೀಸೆಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 14.3ರಿಂದ 18.4ಕ್ಕೆ ಏರಿಸಿತು. ಶೇಕಡಾವಾರು ತೆರಿಗೆಯ ಗುಣವೇ ಇದು: ಬೆಲೆ ಏರಿದಂತೆ ತೆರಿಗೆಯೂ ತಾನಾಗಿ ಏರುತ್ತದೆ. ಗಿರಣಿ ಮಾಲೀಕನ ಕಾರಿಗೂ ಕೆಲಸಗಾರನ ಮೊಪೆಡ್ಡಿಗೂ ಲೀಟರಿಗೆ ಒಂದೇ ತೆರಿಗೆ. ಆದಾಯ ನೋಡದೆ ವಸೂಲಿ ಮಾಡುವ ತೆರಿಗೆ ಇದು.

ಅರಬ್ಬರ ಯುದ್ಧವನ್ನು ನಾವು ನಿಲ್ಲಿಸಲಾರೆವು. ತೆರಿಗೆ ಮತ್ತು ತುಟ್ಟಿಭತ್ಯೆ ಮಾತ್ರ ನಮ್ಮ ದೇಶದಲ್ಲಿಯೇ ತೀರ್ಮಾನವಾಗತಕ್ಕವು. ಕಚ್ಚಾ ಎಣ್ಣೆ ಒಂದು ಮಿತಿ ಮೀರಿದ ಕೂಡಲೇ ಡೀಸೆಲ್ ಸುಂಕ ತಾನಾಗಿ ಇಳಿಯುವಂತೆ ಕಾನೂನಿನಲ್ಲಿಯೇ ಬರೆಯಬೇಕು, ತುಟ್ಟಿಭತ್ಯೆಯನ್ನು ತಿಂಗಳು ತಿಂಗಳಿಗೆ ಲೆಕ್ಕ ಹಾಕಬೇಕು ಎಂದು ಕೇಳೋಣ. ಬರಿಗೈಯಲ್ಲಿ ಹೋಗಿ ಕೇಳುವುದು ಬೇಡ. ಪ್ರತಿ ಮನೆಯವರೂ ಈ ತಿಂಗಳ ದಿನಸಿ ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳಿ. ಅಂಗಡಿಯವರು ಲಾರಿ ಬಾಡಿಗೆಯ ರಸೀದಿಗಳನ್ನು ತನ್ನಿ. ಮುಂದಿನ ಭಾನುವಾರ ಇಲ್ಲಿಯೇ ಕುಳಿತು ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆಯೋಣ. ಕೂಡಿಸಿ ಕಳೆಯುವ ಕೆಲಸ ನನಗಿರಲಿ.