ನಕಲಿನ ಬೆನ್ನ ಮೇಲಿನ ತಾರೀಖು

ಸೋತ ಕಕ್ಷಿಗಾರನಿಗೂ ಕಾನೂನು ಇನ್ನೊಂದು ಬಾಗಿಲನ್ನು ತೆರೆದಿಟ್ಟಿದೆ. ಆದರೆ ಅದು ಬಹಳ ದಿನ ತೆರೆದಿರುವುದಿಲ್ಲ. ಸಿವಿಲ್ ಡಿಕ್ರಿಯ ಮೇಲಿನ ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕಾದರೆ 90 ದಿನ, ಅದಕ್ಕಿಂತ ಕೆಳಗಿನ ನ್ಯಾಯಾಲಯಕ್ಕಾದರೆ 30 ದಿನ ಎಂದು 1963ರ ಕಾಲಪರಿಮಿತಿ ಕಾಯಿದೆ ಗೊತ್ತುಮಾಡಿದೆ. ಎದುರು ಪಕ್ಷದವರು ಸುಮ್ಮನಿದ್ದರೂ, ಅವಧಿ ಮೀರಿದ್ದನ್ನು ನ್ಯಾಯಾಧೀಶರು ತಾವಾಗಿಯೇ ವಜಾ ಮಾಡಬೇಕು. ಈ ಎಣಿಕೆ ದೇಶಕ್ಕೆಲ್ಲ ನಿಂತದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ: ಮಹಾಮಾರಿಯ ಕಾಲದಲ್ಲಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಸರ್ವೋಚ್ಚ ನ್ಯಾಯಾಲಯ ಲೆಕ್ಕದಿಂದ ತೆಗೆದುಹಾಕಿದಾಗ.

ಈ ಲೆಕ್ಕದಲ್ಲಿ ನಾನೊಮ್ಮೆ ತಪ್ಪಿದ್ದೇನೆ. 1988ರಲ್ಲಿ ಬಯಲುಸೀಮೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಒಂದೂವರೆ ಎಕರೆ ಹೊಲದ ದಾವೆಯಲ್ಲಿ ಸೋತ ಮುದುಕರೊಬ್ಬರ ಮೇಲ್ಮನವಿ ನನ್ನ ಪಾಲಿಗೆ ಬಂತು. ತೀರ್ಪಿನ ನಕಲಿಗೆ ಅರ್ಜಿ ಹಾಕಿದೆವು. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಕಾಯಿದೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾಗಿಯ ಸುಗ್ಗಿ, ಮುದುಕರು ಕಣದ ಕೆಲಸ ಮುಗಿಸಿಕೊಂಡು ಬಂದು ನಕಲನ್ನು ಪಡೆದು ನನ್ನ ಕೈಗಿತ್ತರು. ಅದರ ಬೆನ್ನ ಮೇಲೆ ಅರ್ಜಿ ಕೊಟ್ಟದ್ದು, ನಕಲು ಸಿದ್ಧವಾದದ್ದು, ಒಯ್ದದ್ದು ಎಂದು ತಾರೀಖುಗಳಿರುತ್ತವೆ. ಕಾಯಿದೆ ನೋಡುವುದು ಎರಡನೆಯದನ್ನು. ನಾನು ಎಣಿಸಿದ್ದು ಮೂರನೆಯದರಿಂದ. ಸಿದ್ಧವಾದ ನಕಲು ಕಚೇರಿಯಲ್ಲಿ ಕಾದು ಕುಳಿತಿದ್ದ 18 ದಿನಗಳೇ ನಮ್ಮ ತಡವಾದವು.

ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸಲು ಐದನೆಯ ಕಲಮು ಅವಕಾಶ ಕೊಡುತ್ತದೆ. ಕಾರಣವನ್ನು ಪ್ರಮಾಣಪತ್ರದಲ್ಲಿ ಹೇಳಬೇಕು. ನಮ್ಮ ಕಡೆ ಪ್ರಮಾಣಪತ್ರಗಳಲ್ಲಿ ಬರುತ್ತಿದ್ದಷ್ಟು ಕಾಮಾಲೆ ಊರುಗಳಲ್ಲಿ ಬರುತ್ತಿರಲಿಲ್ಲ. ನಾನೂ ಕಾಮಾಲೆಯನ್ನೇ ಬರೆದೆ. ಓದಿ ಹೇಳಿದಾಗ ಮುದುಕರು ಶಾಯಿಯ ಬಳಿ ಒಯ್ದಿದ್ದ ಹೆಬ್ಬೆಟ್ಟನ್ನು ಹಿಂದಕ್ಕೆಳೆದುಕೊಂಡರು.

"ನಾನು ಕಣದಾಗಿದ್ದೆ ಸ್ವಾಮಿ, ಊರೇ ನೋಡೈತೆ. ಕಾಮಾಲೆ ಅಂತ ಹೆಂಗೆ ಒತ್ಲಿ? ತಡ ಮಾಡಿದ್ದು ನಾನೇ ಅಂತ ಬರ್ಕಳ್ಳಿ."

ತಡವಾದದ್ದು ತಮ್ಮಿಂದಲೇ ಎಂದು ಅವರು ನಂಬಿದ್ದರು. ನಾನು ಹಾಗೆ ನಂಬಗೊಟ್ಟಿದ್ದೆ. ಅವರು ನಕಲು ತಂದ ದಿನ ಇನ್ನೂ ಏಳು ದಿನಗಳ ಅವಧಿ ಉಳಿದಿತ್ತು.

ಆ ಕಾಗದವನ್ನು ಹರಿದು, ಲೆಕ್ಕ ತಪ್ಪಿದವನು ನಾನೆಂದು ನನ್ನದೇ ಪ್ರಮಾಣಪತ್ರ ಬರೆದೆ. ಹಿರಿಯರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ವಕೀಲನ ಅಜ್ಞಾನ ಕಾರಣವಾಗಲಾರದೆಂದು ಎದುರು ವಕೀಲರು ವಾದಿಸಿದರು. ಅದರಲ್ಲಿ ಹುರುಳಿರಲಿಲ್ಲವೆಂದು ಇಂದಿಗೂ ಹೇಳಲಾರೆ. ನನ್ನ ಕೈಯಲ್ಲಿದ್ದದ್ದು ಅನಂತನಾಗದ ಭೂಸ್ವಾಧೀನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಕೊಟ್ಟ ತೀರ್ಪು. ದಿನದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ನಿಯಮವನ್ನು ಹಿಡಿದು ಎಳೆದಾಡಬಾರದು, ವಿವೇಚನೆಯಿಂದ ನೋಡಬೇಕು ಎಂಬುದು ಅದರ ಅಭಿಪ್ರಾಯ. ನ್ಯಾಯಾಧೀಶರು ಐವತ್ತು ರೂಪಾಯಿ ಖರ್ಚು ವಿಧಿಸಿ ವಿಳಂಬವನ್ನು ಮನ್ನಿಸಿದರು. ಅದನ್ನು ನಾನು ಕಟ್ಟಿದೆ.

ಎರಡು ವರ್ಷಗಳ ಮೇಲೆ ಆ ಮೇಲ್ಮನವಿಯೂ ವಜಾ ಆಯಿತು. ಉಚ್ಚ ನ್ಯಾಯಾಲಯ ಇನ್ನೂ ಉಳಿದಿತ್ತು. ಈ ಸಲ ನಕಲು ಸಿದ್ಧವಾದ ದಿನವೇ ಮುದುಕರು ಬಂದು ಅದನ್ನು ಪಡೆದರು, ನನ್ನ ಮೇಜಿನ ಮೇಲೆ ಬೋರಲಿಟ್ಟು, ಎರಡನೆಯ ಸಾಲಿನ ಮೇಲೆ ಬೆರಳಿರಿಸಿ, "ಇಲ್ಲಿಂದ ಅಲ್ವಾ ಸ್ವಾಮಿ ಎಣಿಸೋದು?" ಎಂದರು.